ಬಾಲದ ಮೇಲೆ ಒಂದು ಹೆಸರು, ಹಾರಿಸುವವರು ಇನ್ನೊಬ್ಬರು

ಪ್ರಶ್ನೆ: ಮಗಳು ಅಮೆರಿಕದ ಸೀಡರ್ ರಾಪಿಡ್ಸ್‌ನಲ್ಲಿದ್ದಾಳೆ. ನಮ್ಮಿಬ್ಬರಿಗೂ ಯುನೈಟೆಡ್ ಕಂಪನಿಯ ಟಿಕೆಟ್ ಕಳಿಸಿದ್ದಾಳೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಷಿಕಾಗೊವರೆಗೆ ಲುಫ್ತಾನ್ಸಾ ವಿಮಾನ. ಅಲ್ಲಿಂದ ಮುಂದಿನದು ಯುನೈಟೆಡ್ ಎಂದಿದ್ದರೂ ಕೆಳಗೆ ಸಣ್ಣಕ್ಷರದಲ್ಲಿ ‘ನಡೆಸುವವರು ಸ್ಕೈವೆಸ್ಟ್, ಯುನೈಟೆಡ್ ಎಕ್ಸ್‌ಪ್ರೆಸ್ ಹೆಸರಿನಲ್ಲಿ’ ಎಂದು ಬರೆದಿದೆ. ಷಿಕಾಗೊದಲ್ಲಿ ಯಾರನ್ನು ಹುಡುಕಬೇಕು?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಯುನೈಟೆಡ್‌ನವರನ್ನು. ಸ್ಕೈವೆಸ್ಟ್ ಎಂಬ ಫಲಕ ಹುಡುಕಿ ಅಲೆಯಬೇಡಿ. ಯುಟಾ ರಾಜ್ಯದ ಈ ಕಂಪನಿ ಯುನೈಟೆಡ್ ಮಾತ್ರವಲ್ಲ, ಡೆಲ್ಟಾ, ಅಮೆರಿಕನ್, ಅಲಾಸ್ಕಾ ಕಂಪನಿಗಳಿಗೂ ಅವರವರ ಬಣ್ಣ ಬಳಿದ ವಿಮಾನ ಹಾರಿಸುತ್ತದೆ. ಪೈಲಟ್, ಗಗನಸಖಿಯರು ಸ್ಕೈವೆಸ್ಟ್ ನೌಕರರು. ವೇಳಾಪಟ್ಟಿ, ದರ, ಸೀಟು ಮಾರಾಟ ಯುನೈಟೆಡ್‌ನದು. ಇಂಥ ಒಪ್ಪಂದಗಳಲ್ಲಿ ಹೆಚ್ಚಿನವು, ಹಾರಿದ ಗಂಟೆ ಮತ್ತು ಟ್ರಿಪ್ಪಿನ ಲೆಕ್ಕದಲ್ಲಿ ದೊಡ್ಡ ಕಂಪನಿಯೇ ಹಣ ಕೊಡುವಂಥವು. ಇಂಧನದ ಖರ್ಚೂ ಅದರದೇ. ಸೀಟು ತುಂಬಲಿ, ಖಾಲಿ ಹೋಗಲಿ, ಸಣ್ಣ ಕಂಪನಿಗೆ ಬರಬೇಕಾದ್ದು ಬರುತ್ತದೆ.

ನಿಮ್ಮ ಟಿಕೆಟ್ಟಿನಲ್ಲಿ ಎರಡು ಬೇರೆ ವ್ಯವಸ್ಥೆಗಳು ಬೆರೆತಿವೆ. ಲುಫ್ತಾನ್ಸಾ ಭಾಗ ಕೋಡ್‌ಶೇರ್, ಅಂದರೆ ಒಂದು ಕಂಪನಿ ತನ್ನ ಹೆಸರಿನಲ್ಲೇ ಹಾರಿಸುವ ವಿಮಾನದ ಸೀಟನ್ನು ಇನ್ನೊಂದು ಕಂಪನಿ ತನ್ನ ವಿಮಾನ ಸಂಖ್ಯೆ ಹಾಕಿ ಮಾರುವುದು. ಅಲ್ಲಿ ಚೆಕ್-ಇನ್ ಲುಫ್ತಾನ್ಸಾದ್ದು, ಅವರ ಪಿಎನ್‌ಆರ್ ಕೂಡ ಬೇರೆ. ಯುನೈಟೆಡ್ ಕೊಟ್ಟ ಆರಕ್ಷರವನ್ನು ಲುಫ್ತಾನ್ಸಾ ಆ್ಯಪಿಗೆ ಹಾಕಿ ‘ಬುಕಿಂಗ್ ಸಿಗುತ್ತಿಲ್ಲ’ ಎಂದು ಗಾಬರಿಯಾಗುವವರು ಬಹಳ. ಯುನೈಟೆಡ್ ಆ್ಯಪಿನಲ್ಲಿ ಪ್ರವಾಸದ ವಿವರ ತೆರೆದರೆ ಲುಫ್ತಾನ್ಸಾ ಸಂಖ್ಯೆಯೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಸ್ಕೈವೆಸ್ಟ್ ಭಾಗಕ್ಕೆ ಈ ತಾಪತ್ರಯವಿಲ್ಲ, ಯುನೈಟೆಡ್ ಪಿಎನ್‌ಆರೇ ಸಾಕು.

ಬೆಂಗಳೂರಿನಲ್ಲಿ ಮೂರೂ ಬೋರ್ಡಿಂಗ್ ಪಾಸ್ ಕೇಳಿ. ಲಗೇಜಿನ ಚೀಟಿ ಸೀಡರ್ ರಾಪಿಡ್ಸ್‌ವರೆಗೆ ಇದ್ದರೂ ಷಿಕಾಗೊದಲ್ಲಿ ನೀವೇ ಎತ್ತಿಕೊಳ್ಳಬೇಕು: 5ನೇ ಟರ್ಮಿನಲ್‌ನಲ್ಲಿ ಇಮಿಗ್ರೇಷನ್, ಬೆಲ್ಟಿನಿಂದ ಪೆಟ್ಟಿಗೆ, ಕಸ್ಟಮ್ಸ್, ಹೊರಬಂದ ಕೂಡಲೇ ಮತ್ತೆ ಪೆಟ್ಟಿಗೆ ಒಪ್ಪಿಸುವ ಜಾಗ. ಆಮೇಲೆ ಟರ್ಮಿನಲ್‌ಗಳ ನಡುವಿನ ರೈಲು ಹತ್ತಿ ಬೋರ್ಡಿಂಗ್ ಪಾಸ್‌ನಲ್ಲಿರುವ ಟರ್ಮಿನಲ್‌ಗೆ. ಅಲ್ಲಿ ಮತ್ತೊಮ್ಮೆ ಸೆಕ್ಯೂರಿಟಿ. ಕೈಚೀಲದಲ್ಲಿ ತುಪ್ಪ, ಉಪ್ಪಿನಕಾಯಿ ಇದ್ದರೆ ಹೋದಂತೆಯೇ. ಷಿಕಾಗೊದಲ್ಲಿ ಎರಡು ವಿಮಾನಗಳ ನಡುವೆ ಮೂರು ಗಂಟೆ ಇಲ್ಲದಿದ್ದರೆ ಮಗಳಿಗೆ ಹೇಳಿ ಈಗಲೇ ಬದಲಿಸಿ. ಗುಡುಗು, ಹಿಮ ಬಂದು ದೊಡ್ಡ ನಿಲ್ದಾಣ ಇಕ್ಕಟ್ಟಾದಾಗ ಮೊದಲು ಕತ್ತರಿ ಬೀಳುವುದು ಹೆಚ್ಚಾಗಿ ಈ ಸಣ್ಣ ವಿಮಾನಗಳಿಗೇ. ಮುನ್ನೂರು ಜನರನ್ನು ನಿಲ್ಲಿಸುವುದಕ್ಕಿಂತ ಎಪ್ಪತ್ತು ಜನರನ್ನು ನಿಲ್ಲಿಸುವುದು ಕಂಪನಿಗೆ ಅಗ್ಗ. ಒಂದೇ ಟಿಕೆಟ್ ಆದ್ದರಿಂದ ಮುಂದಿನ ವಿಮಾನದಲ್ಲಿ ಜಾಗ ಮಾಡಿಕೊಡುವ ಹೊಣೆ ಅವರದು.

ಆ ಸಣ್ಣಕ್ಷರದ ಸಾಲಿಗೂ ಕಾರಣವಿದೆ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೊ ನಗರದ ಬಳಿ ಬಿದ್ದ ವಿಮಾನದ ಮೈಮೇಲೆ ಕಾಂಟಿನೆಂಟಲ್ ಕಂಪನಿಯ ಹೆಸರಿತ್ತು, ಹಾರಿಸುತ್ತಿದ್ದದ್ದು ಕೋಲ್ಗನ್ ಏರ್. 50 ಜನ ಸತ್ತರು. ಯಾರು ಹಾರಿಸುತ್ತಾರೆಂಬುದನ್ನು ಟಿಕೆಟ್ ಹುಡುಕುವಾಗಲೇ ತೋರಿಸಬೇಕೆಂದು 2010ರಲ್ಲಿ ಅಲ್ಲಿ ಕಾನೂನಾಯಿತು.

ಪ್ರಶ್ನೆ: ನಮ್ಮ ಸ್ಟಾರ್ ಏರ್ ಕೂಡ ಸ್ಕೈವೆಸ್ಟ್‌ನಂತೆ ದೊಡ್ಡ ಕಂಪನಿಗಾಗಿ ವಿಮಾನ ಹಾರಿಸುವಂಥದ್ದೇ ಅಲ್ಲವೇ?
– ಸಪ್ತಾಪುರ, ಧಾರವಾಡ

ಉತ್ತರ: ಅಲ್ಲ. ಅದು ಸ್ವಂತ ಹೆಸರಿನಲ್ಲಿ ಟಿಕೆಟ್ ಮಾರುತ್ತದೆ, ಲಾಭನಷ್ಟವೂ ಅದರದೇ. ನಮ್ಮಲ್ಲಿ ಹತ್ತಿರದ ಉದಾಹರಣೆ ಅಲಯನ್ಸ್ ಏರ್. ಏರ್ ಇಂಡಿಯಾ ಕೋಡಿನಲ್ಲೇ ಅದರ ಎಟಿಆರ್‌ಗಳು (ಪ್ರೊಪೆಲ್ಲರ್ ಇರುವ ಸಣ್ಣ ವಿಮಾನಗಳು) ಹಾರುತ್ತಿದ್ದವು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಸೇರಿತು, ಅಲಯನ್ಸ್ ಸರ್ಕಾರದ ಬಳಿಯೇ ಉಳಿಯಿತು, ಏಪ್ರಿಲ್ 15ರಿಂದ ಇಬ್ಬರ ಟಿಕೆಟ್ಟೂ ಬೇರೆಯಾಯಿತು. ಇಂಡಿಗೊ ತನ್ನ ಎಟಿಆರ್‌ಗಳನ್ನು ತಾನೇ ಹಾರಿಸುತ್ತದೆ. ಅಮೆರಿಕದಲ್ಲಿ ಹೊರಗುತ್ತಿಗೆ ಬೆಳೆಯಲು ಮುಖ್ಯ ಕಾರಣ ಸಣ್ಣ ಕಂಪನಿಗಳ ನೌಕರರ ಕಡಿಮೆ ಸಂಬಳ. ತಮ್ಮ ಕೆಲಸ ಹೋಗದಿರಲೆಂದು ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ಅದಕ್ಕೆ ಮಿತಿ ಹಾಕಿಸಿವೆ: ಹೊರಗೆ ಕೊಡುವ ವಿಮಾನಕ್ಕೆ ಸಾಮಾನ್ಯವಾಗಿ ಹೆಚ್ಚೆಂದರೆ 76 ಸೀಟು, ಸುಮಾರು 39 ಟನ್ ತೂಕ. ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲೂ ಬಿಸಿನೆಸ್ ದರ್ಜೆಯ 12, ಎಕಾನಮಿಯ 64 ಸೇರಿ 76 ಸೀಟು. ಆದರೆ ಇಲ್ಲಿ ಅಂಥ ಮಿತಿ ಹಾಕಿಸಿದವರು ಯಾರೂ ಇಲ್ಲ.

ಪ್ರಶ್ನೆ: ವಿದೇಶಕ್ಕೆ ಹೋಗುವಾಗ ಹುಬ್ಬಳ್ಳಿ–ಬೆಂಗಳೂರು ಟಿಕೆಟ್ ಬೇರೆಯಾಗಿ ತೆಗೆದರೆ ಸಾವಿರಾರು ರೂಪಾಯಿ ಉಳಿಯುತ್ತದೆ. ತೆಗೆಯಬಹುದೇ?
– ಬೆಟಗೇರಿ, ಗದಗ

ಉತ್ತರ: ತೆಗೆಯಬಹುದು, ಆದರೆ ಲೆಕ್ಕ ಪೂರ್ತಿ ಹಾಕಿ. ದೇಶದೊಳಗಿನ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕಿಲೊ ಲಗೇಜು. ನಿಮ್ಮ ಕೈಯಲ್ಲಿ 23 ಕಿಲೊದ ಎರಡೆರಡು ಪೆಟ್ಟಿಗೆ ಇದ್ದರೆ ಉಳಿಸಿದ್ದೆಲ್ಲ ಹೆಚ್ಚುವರಿ ತೂಕಕ್ಕೇ ಹೋದೀತು. ವಿದೇಶಿ ವಿಮಾನ ಬೆಂಗಳೂರಿನ 2ನೇ ಟರ್ಮಿನಲ್‌ನಿಂದ. ನೀವು 1ರಲ್ಲಿ ಇಳಿದರೆ ಪೆಟ್ಟಿಗೆ ಎತ್ತಿಕೊಂಡು ಶಟಲ್ ಹಿಡಿಯಬೇಕು. ಹುಬ್ಬಳ್ಳಿಯ ವಿಮಾನ ರದ್ದಾದರೆ ಮುಂದಿನ ಕಂಪನಿಗೆ ಸಂಬಂಧವೇ ಇಲ್ಲ. ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ ಡಿಜಿಸಿಎ (ವಿಮಾನಯಾನ ನಿಯಂತ್ರಣ ಇಲಾಖೆ) ನಿಯಮದ ಪರಿಹಾರ ಹೆಚ್ಚೆಂದರೆ ₹7,500. ಮೂಲದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಹವಾಮಾನ ಕಾರಣವಾದರೆ ಅದೂ ಇಲ್ಲ. ಮಳೆಗಾಲದಲ್ಲಂತೂ ಬೇಡವೇ ಬೇಡ. ನಡುರಾತ್ರಿಯ ವಿಮಾನವಿದ್ದರೆ ಮಧ್ಯಾಹ್ನದ ವಂದೇ ಭಾರತ್ ರೈಲೇ ವಾಸಿ.

ಒಂದೇ ಟಿಕೆಟ್ ಹೌದೋ ಅಲ್ಲವೋ ತಿಳಿಯಲು 13 ಅಂಕಿಯ ಟಿಕೆಟ್ ಸಂಖ್ಯೆ ನೋಡಿ. ಎಲ್ಲ ಹಂತಕ್ಕೂ ಒಂದೇ ಸಂಖ್ಯೆ ಇರಬೇಕು; ಹೋಗಿಬರುವುದು ಸೇರಿ ನಾಲ್ಕಕ್ಕಿಂತ ಹೆಚ್ಚು ಹಂತಗಳಿದ್ದರೆ ಅದರ ಬೆನ್ನಿಗೇ ಬರುವ ಮುಂದಿನ ಸಂಖ್ಯೆಯೂ ಇರುತ್ತದೆ. ಮೊದಲ ಮೂರಂಕಿ ಟಿಕೆಟ್ ಕೊಟ್ಟ ಕಂಪನಿಯದು: 016 ಯುನೈಟೆಡ್, 220 ಲುಫ್ತಾನ್ಸಾ, 098 ಏರ್ ಇಂಡಿಯಾ.

ಪ್ರಶ್ನೆ: ಅಮೆರಿಕದಲ್ಲಿ ಸಣ್ಣ ವಿಮಾನ ಹತ್ತುವಾಗ ಬಾಗಿಲಲ್ಲೇ ಕೈಚೀಲ ಇಸಕೊಂಡರು. ಇದ್ಯಾವ ನ್ಯಾಯ?
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: 50 ಸೀಟಿನ ಜೆಟ್ಟಿನ ತಲೆಮೇಲಿನ ಗೂಡಿನಲ್ಲಿ ಚಕ್ರದ ಚೀಲ ಹಿಡಿಯುವುದಿಲ್ಲ. ಚೀಟಿ ಕಟ್ಟಿ ಕೆಳಗೆ ಹಾಕುತ್ತಾರೆ, ಇಳಿದಾಗ ವಿಮಾನದ ಬಾಗಿಲ ಬಳಿಯೇ ಕೊಡುತ್ತಾರೆ. ಅಲ್ಲೇ ನಿಂತು ಪಡೆಯಿರಿ, ಬೆಲ್ಟಿಗೆ ಓಡಬೇಡಿ. ಕೊಡುವ ಮೊದಲು ಪಾಸ್‌ಪೋರ್ಟ್, ಔಷಧಿ, ಪವರ್ ಬ್ಯಾಂಕ್ ತೆಗೆದುಕೊಳ್ಳಿ. ಪವರ್ ಬ್ಯಾಂಕ್ ಕೆಳಗೆ ಹಾಕುವಂತೆಯೇ ಇಲ್ಲ. ಚೀಲ ಒಡೆದಿದ್ದರೆ ನಿಲ್ದಾಣ ಬಿಡುವ ಮುನ್ನ ಬರಹದಲ್ಲಿ ದೂರು ಕೊಡಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ದೂರಿಗೆ 7 ದಿನ, ತಡವಾಗಿ ಬಂದ ಲಗೇಜಿನ ದೂರಿಗೆ ಅದು ಕೈಸೇರಿದ ಮೇಲೆ 21 ದಿನ ಗಡುವು. ಟಿಕೆಟ್ ಕೊಟ್ಟವರು, ಹಾರಿಸಿದವರು ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಆ ದೂರು ಊರ್ಜಿತ.