ತಿಮಿಂಗಿಲ ನೆಗೆದದ್ದು ಯಾರ ದುಡ್ಡಿನಲ್ಲಿ?

ಸಂಪಾದಕರ ಉತ್ತರ

ಓದುಗರ ಪತ್ರ: ‘ಹೋದ ಸಂಚಿಕೆಯಲ್ಲಿ ಮ್ಯಾಜಿಕ್ ಲೀಪ್ ಕಂಪನಿಯ ಬಗ್ಗೆ ನೀವು ಬರೆದ ಟಿಪ್ಪಣಿ ಓದಿ ಬೇಸರವಾಯಿತು. ಕಣ್ಣೆದುರಿನ ಲೋಕದ ಮೇಲೆಯೇ ಚಿತ್ರ ಮೂಡಿಸುವ ಅವರ ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕಗಳು ಇವತ್ತು ಸೋತಿರಬಹುದು, ಆದರೆ ಸೋಲದೆ ಹೊಸತು ಯಾವುದೂ ಹುಟ್ಟುವುದಿಲ್ಲ. ಹೂಡಿಕೆದಾರರು ತಮ್ಮ ದುಡ್ಡು ತಾವು ಕಳೆದುಕೊಂಡರೆ ನಿಮಗೇನು ನಷ್ಟ? ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ವಂತ ಸ್ಟಾರ್ಟಪ್ ಕಟ್ಟಬೇಕೆಂದಿರುವ ನನ್ನಂಥವರಿಗೆ ಇಂಥ ಬರಹ ತಣ್ಣೀರು ಎರಚುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಬುದ್ಧಿಯಿಂದ ಕನ್ನಡ ಪತ್ರಿಕೆಗಳು ಯಾವಾಗ ಹೊರಗೆ ಬರುತ್ತವೆ?’
— ಓದುಗರೊಬ್ಬರು, ಬೆಂಗಳೂರು

ಪ್ರಿಯ ಮಿತ್ರರೇ,

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಅದು ನನಗೆ ಇಷ್ಟವಾಯಿತು. ನಮ್ಮ ಟಿಪ್ಪಣಿಗೆ ಬಂದ ಬೇರೆ ಪತ್ರಗಳೆಲ್ಲ ‘ಚೆನ್ನಾಗಿತ್ತು’ ಎಂದು ಮುಗಿಸಿದ್ದವು. ನೀವು ಜಗಳಕ್ಕೆ ಬಂದಿದ್ದೀರಿ. ಹಾಗಾಗಿ ಉತ್ತರವೂ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಸೋಲಿನ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ಕಂಪ್ಯೂಟರ್ ಬಿಡಿಸಿದ ಚಿತ್ರವನ್ನು ಕಣ್ಣೆದುರು ಮೂಡಿಸುವ, ತಲೆಗೆ ತೊಡುವ ಮೊದಲ ಪರದೆಯನ್ನು ಲೋಕದ ಮುಂದಿಟ್ಟಾಗ ಅದರ ಭಾರವನ್ನು ಚಾವಣಿಯಿಂದ ನೇತುಹಾಕಬೇಕಾಗಿತ್ತು. ಕಾಣುತ್ತಿದ್ದದ್ದು ಗೆರೆಗಳಲ್ಲಿ ಬಿಡಿಸಿದ ಘನಾಕೃತಿಗಳು, ಅಷ್ಟೆ. 1990ರ ಸುಮಾರಿಗೆ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್, ವಿಮಾನದ ವೈರುಗಳನ್ನು ಕಟ್ಟು ಕಟ್ಟುವ ಕೆಲಸಗಾರರ ಕಣ್ಣಮುಂದೆಯೇ ಯಾವ ವೈರು ಎಲ್ಲಿ ಹೋಗಬೇಕೆಂದು ತೋರಿಸುವ ಸಾಧನಕ್ಕೆ ಕೈಹಾಕಿದರು. ಅದೂ ಆಗಿನ ಕಾಲಕ್ಕೆ ಕಾರ್ಖಾನೆಯ ದಿನಬಳಕೆಗೆ ಒಗ್ಗಲಿಲ್ಲ. ಇವರನ್ನು ಹೀಗಳೆಯುವ ಒಂದು ಸಾಲನ್ನೂ ನಮ್ಮ ಪತ್ರಿಕೆ ಎಂದೂ ಬರೆದಿಲ್ಲ, ಬರೆಯುವುದೂ ಇಲ್ಲ. ಅವರು ತಮ್ಮ ಬಳಿ ಏನಿದೆಯೋ ಅದನ್ನೇ ತೋರಿಸಿದರು.

ಮ್ಯಾಜಿಕ್ ಲೀಪ್‌ನ ಕಥೆ ಇಲ್ಲಿಯೇ ಬೇರೆಯಾಗುತ್ತದೆ. ನೀವು ಇದನ್ನು ಎಷ್ಟು ಓದಿದ್ದೀರೋ ತಿಳಿಯದು, ನಾನು ವರ್ಷಗಳಿಂದ ಇದರ ಬೆನ್ನು ಹತ್ತಿದ್ದೇನೆ. ಅಮೆರಿಕದ ಫ್ಲಾರಿಡಾದಲ್ಲಿ ರೋನಿ ಅಬೊವಿಟ್ಜ್ 2010ರಲ್ಲಿ ಕಟ್ಟಿದ ಕಂಪನಿ ಇದು. ಅವರೇನೂ ಮೋಸಗಾರನ ಹಿನ್ನೆಲೆಯವರಲ್ಲ. ಅದಕ್ಕೂ ಮೊದಲು ಮಾಕೊ ಸರ್ಜಿಕಲ್ ಎಂಬ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿದ್ದರು. ಮಂಡಿ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕೈಗೆ ನೆರವಾಗುವ ರೋಬಾಟ್ ತೋಳನ್ನು ಮಾಡಿದ ಆ ಕಂಪನಿಯನ್ನು ಸ್ಟ್ರೈಕರ್ ಸಂಸ್ಥೆ 2013ರಲ್ಲಿ 165 ಕೋಟಿ ಡಾಲರಿಗೆ ಕೊಂಡಿತು. ನಿಜವಾದ ಸಾಧನ, ನಿಜವಾದ ರೋಗಿ, ನಿಜವಾದ ಗಿರಾಕಿ ಅಲ್ಲಿದ್ದರು. ಇಂಥ ಮನುಷ್ಯನ ಮುಂದಿನ ಕಂಪನಿ ಏಕೆ ಹೀಗಾಯಿತು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ದುಡ್ಡಿನ ಲೆಕ್ಕ ನೋಡಿ. 2014ರ ಅಕ್ಟೋಬರಿನಲ್ಲಿ ಗೂಗಲ್ ಮುಂದಾಳತ್ವದಲ್ಲಿ 54.2 ಕೋಟಿ ಡಾಲರ್ ಬಂತು. 2016ರಲ್ಲಿ ಅಲಿಬಾಬಾ ಮುಂದೆ ನಿಂತು 79 ಕೋಟಿ ಡಾಲರಿಗೂ ಹೆಚ್ಚು ಹೊಂದಿಸಿತು. 2017ರಲ್ಲಿ ಸಿಂಗಪುರದ ಟೆಮಾಸೆಕ್ ನೇತೃತ್ವದಲ್ಲಿ 50 ಕೋಟಿ, 2018ರಲ್ಲಿ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯಿಂದ 40 ಕೋಟಿ. ಹೀಗೆ ಸೇರುತ್ತಾ 260 ಕೋಟಿ ಡಾಲರ್ ದಾಟಿತು. ಇಂದಿನ ಲೆಕ್ಕದಲ್ಲಿ 20 ಸಾವಿರ ಕೋಟಿ ರೂಪಾಯಿಗೂ ಮೇಲೆ. ಇದರಲ್ಲಿ ಬಹುಪಾಲು ಬಂದದ್ದು ಸಾಮಾನ್ಯ ಜನ ಅಂಗಡಿಯಲ್ಲಿ ಆ ಸಾಧನವನ್ನು ಮುಟ್ಟಿ ನೋಡುವ ಮೊದಲೇ.

ಆ ಹೊತ್ತಿನಲ್ಲಿ ಲೋಕಕ್ಕೆ ಕಂಡದ್ದೇನು? ಬೊಗಸೆಯಲ್ಲಿ ಆಡುವ ಪುಟ್ಟ ಆನೆಯ ಚಿತ್ರ. ಶಾಲೆಯ ಆಟದ ಸಭಾಂಗಣದಲ್ಲಿ ಮಕ್ಕಳು ಕೂತಿರುವಾಗ ನೆಲವನ್ನೇ ಸೀಳಿಕೊಂಡು ನೆಗೆದು ನೀರು ಚಿಮ್ಮಿಸುವ ತಿಮಿಂಗಿಲದ ವಿಡಿಯೊ. 2015ರಲ್ಲಿ ಬಂದ ಇನ್ನೊಂದು ವಿಡಿಯೊದಲ್ಲಿ ಆಫೀಸಿನ ಗೋಡೆ ಒಡೆದು ಬರುವ ಯಂತ್ರಮಾನವರ ಮೇಲೆ ಒಬ್ಬ ಗುಂಡು ಹಾರಿಸುತ್ತಾನೆ. ನಮ್ಮ ಕಚೇರಿಯಲ್ಲಿ ಈ ಆಟವನ್ನೇ ಆಡುತ್ತಿದ್ದೇವೆ ಎಂಬ ಧಾಟಿಯಲ್ಲಿ ಅದನ್ನು ಬಿಟ್ಟಿದ್ದರು. ಅದು ನ್ಯೂಜಿಲೆಂಡಿನ ವೆಟಾ ವರ್ಕ್‌ಶಾಪ್ ಕೈಯಲ್ಲಿ ಸಿನಿಮಾದ ಸ್ಪೆಷಲ್ ಎಫೆಕ್ಟ್ಸ್‌ನಿಂದ ತಯಾರಾದದ್ದು ಎಂದು 2016ರ ಡಿಸೆಂಬರಿನಲ್ಲಿ ದಿ ಇನ್ಫರ್ಮೇಷನ್ ಪತ್ರಿಕೆ ಬಯಲು ಮಾಡಿತು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಹೇಳುತ್ತೇನೆ, ನೀವು ಎಂಜಿನಿಯರ್, ನಿಮಗೆ ಕಷ್ಟವಾಗದು. ಆಚೆಯದು ಕಾಣುವಂಥ ಗಾಜಿನ ಮೇಲೆ ಚಿತ್ರ ಮೂಡಿಸುವಾಗ ಆ ಗಾಜು ಬೆಳಕನ್ನು ಸೇರಿಸಬಲ್ಲದು, ಕಳೆಯಲಾರದು. ಹಿಂದಿನ ಗೋಡೆಯಿಂದ ಬರುವ ಬೆಳಕು ಬಂದೇ ಬರುತ್ತದೆ. ಆದ್ದರಿಂದ ಕಪ್ಪು ಬಣ್ಣ ಮೂಡುವುದಿಲ್ಲ, ಕಪ್ಪಿರಬೇಕಾದ ಕಡೆ ಗೋಡೆಯೇ ಕಾಣುತ್ತದೆ. ಬೆಳಕು ತುಂಬಿದ ಸಭಾಂಗಣದಲ್ಲಿ ಗಟ್ಟಿಯಾದ, ನೆರಳುಳ್ಳ ತಿಮಿಂಗಿಲವನ್ನು ಅಂಥ ಕನ್ನಡಕ ತೋರಿಸುವುದು ಹೇಗೆ? ಗಾಜನ್ನೇ ಮಬ್ಬಾಗಿಸುವ ವ್ಯವಸ್ಥೆಯನ್ನು ಆ ಕಂಪನಿ ತಂದದ್ದು 2022ರ ಎರಡನೆಯ ಮಾದರಿಯಲ್ಲಿ. ಇನ್ನೊಂದು ತೊಡಕು ಕಣ್ಣಿನದು. ಹತ್ತಿರದ ವಸ್ತುವನ್ನು ನೋಡುವಾಗ ನಮ್ಮ ಎರಡು ಕಣ್ಣೂ ಒಳಕ್ಕೆ ತಿರುಗುತ್ತವೆ, ಒಳಗಿನ ಮಸೂರವೂ ಅದಕ್ಕೆ ಸರಿಯಾಗಿ ಉಬ್ಬುತ್ತದೆ. ಮಾಮೂಲಿ ಪರದೆಯ ಕನ್ನಡಕದಲ್ಲಿ ಕಣ್ಣು ಒಂದು ದೂರಕ್ಕೆ ತಿರುಗುತ್ತದೆ, ಮಸೂರ ಇನ್ನೊಂದು ದೂರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ತಲೆನೋವು ಶುರುವಾಗುವುದು ಅಲ್ಲಿಂದ. ಇದನ್ನು ಗೆಲ್ಲುತ್ತೇವೆ ಎಂಬುದೇ ಮ್ಯಾಜಿಕ್ ಲೀಪ್‌ನ ಮುಖ್ಯ ಮಾತಾಗಿತ್ತು. ಕಂಪಿಸುವ ತೆಳು ಆಪ್ಟಿಕಲ್ ಫೈಬರಿನಿಂದ ಚಿತ್ರ ಬಿಡಿಸುವ ವಿಧಾನ ಅವರ ಕೈಲಿತ್ತು. ಪ್ರಯೋಗಾಲಯದ ದೈತ್ಯ ಯಂತ್ರದಲ್ಲಿ ಅದನ್ನು ನೋಡಿದವರು ಬೆರಗಾಗಿದ್ದರು. ಆ ಬೆರಗು ಸುಳ್ಳಲ್ಲ. ಆದರೆ ಅದನ್ನು ಕುಗ್ಗಿಸಿ ಮೂಗಿನ ಮೇಲೆ ಕೂರಿಸಲು ಆಗಲಿಲ್ಲ. ಕೊನೆಗೆ 2018ರ ಆಗಸ್ಟಿನಲ್ಲಿ 2,295 ಡಾಲರಿಗೆ ಮಾರಾಟಕ್ಕೆ ಬಂದ ‘ಮ್ಯಾಜಿಕ್ ಲೀಪ್ ಒನ್’ನಲ್ಲಿದ್ದದ್ದು ಬೆಳಕನ್ನು ತನ್ನೊಳಗೇ ಹಾಯಿಸಿ ಕಣ್ಣಿಗೆ ತಲುಪಿಸುವ, ಬೇರೆಯವರೂ ಬಳಸುತ್ತಿದ್ದ ವೇವ್‌ಗೈಡ್ ಗಾಜು, ಎರಡೇ ಎರಡು ಫೋಕಸ್ ದೂರ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಂಪ್ಯೂಟರು.

ಮೊದಲ ವರ್ಷ 10 ಲಕ್ಷ ಮಾರಬೇಕೆಂದು ಅಬೊವಿಟ್ಜ್ ಅಂದುಕೊಂಡಿದ್ದರಂತೆ, ಆಮೇಲೆ ಅದನ್ನು 1 ಲಕ್ಷಕ್ಕೆ ಇಳಿಸಿದರಂತೆ. ಮೊದಲ ಆರು ತಿಂಗಳಲ್ಲಿ ಹೋದದ್ದು ಸುಮಾರು 6,000 ಎಂದು ಅದೇ ದಿ ಇನ್ಫರ್ಮೇಷನ್ 2019ರಲ್ಲಿ ವರದಿ ಮಾಡಿತು. 2020ರ ಏಪ್ರಿಲಿನಲ್ಲಿ, ಕೋವಿಡ್ ಊರೂರು ಮುಚ್ಚಿಸಿದ್ದ ಹೊತ್ತಿನಲ್ಲಿ, ಸಿಬ್ಬಂದಿಯಲ್ಲಿ ಅರ್ಧದಷ್ಟು ಜನರನ್ನು, ಅಂದರೆ ಸುಮಾರು ಸಾವಿರ ಮಂದಿಯನ್ನು, ಮನೆಗೆ ಕಳಿಸುವ ಸುದ್ದಿ ಬಂತು. ಮುಂದಿನ ತಿಂಗಳು ಅಬೊವಿಟ್ಜ್ ಹುದ್ದೆ ಬಿಡುವುದಾಗಿ ಹೇಳಿದರು. ದುಬಾರಿ ಬೆಲೆ ಕೊಟ್ಟು ಆ ಮೊದಲ ಸಾಧನ ಕೊಂಡಿದ್ದವರಿಗೆ 2024ರ ಡಿಸೆಂಬರ್ 31ಕ್ಕೆ ಅದರ ಕ್ಲೌಡ್ ಸೇವೆಯೂ ನಿಂತಿತು, ಸಾಧನ ಮೂಲೆ ಸೇರಿತು.

ನೀವು ಹಾಸಿಗೆಯ ಮಾತೆತ್ತಿದಿರಿ. ಈ ಕಂಪನಿ ಕಾಲು ಚಾಚಿದ್ದು ತನ್ನ ಹಾಸಿಗೆಯಲ್ಲಲ್ಲ. ‘ಹೂಡಿಕೆದಾರರ ದುಡ್ಡು’ ಎಂದು ನೀವು ಬರೆಯುತ್ತೀರಲ್ಲ, ಟೆಮಾಸೆಕ್ ಸಿಂಗಪುರ ಸರ್ಕಾರದ್ದು. ಸೌದಿ ನಿಧಿ ಆ ದೇಶದ ತೈಲದ ದುಡ್ಡು. ಲಂಡನ್ನಿನ ಬ್ಲಿಪಾರ್ ಎಂಬ ಆಗ್ಮೆಂಟೆಡ್ ರಿಯಾಲಿಟಿ ಕಂಪನಿ 2018ರ ಡಿಸೆಂಬರಿನಲ್ಲಿ ಕೈಚೆಲ್ಲಿದಾಗ ಅದರಲ್ಲಿ ಮಲೇಷ್ಯಾ ಸರ್ಕಾರದ ಖಜಾನಾ ನಿಧಿಯ ದುಡ್ಡೂ ಇತ್ತು. ಇವೆಲ್ಲ ಜನರ ಗಂಟು. ಆ ಜನರಿಗೆ ತಿಮಿಂಗಿಲವನ್ನು ಯಾರೂ ತೋರಿಸಲಿಲ್ಲ. ತೋರಿಸಿದವರಿಗೂ ಬಾಯಿ ಬಿಡಬಾರದೆಂದು ಸಹಿ ಹಾಕಿಸಿಕೊಂಡೇ ತೋರಿಸಿದರು.

ಬೇರೆಯವರ ಹೆಸರನ್ನೂ ಬೇಗ ಹೇಳಿಬಿಡುತ್ತೇನೆ. ಲಾಸ್ ಏಂಜಲೀಸಿನ ಡಾಕ್ರಿ ಕಾರ್ಖಾನೆ ಕೆಲಸಗಾರರಿಗೆಂದು ಸ್ಮಾರ್ಟ್ ಹೆಲ್ಮೆಟ್ ಮಾಡಿತು, ಸುಮಾರು 27.5 ಕೋಟಿ ಡಾಲರ್ ಕರಗಿಸಿ 2019ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಕ್ಯಾಲಿಫೋರ್ನಿಯಾದ ಮೆಟಾ (ಫೇಸ್‌ಬುಕ್‌ನವರು ಆ ಹೆಸರಿಡುವುದಕ್ಕೆ ಮೊದಲಿದ್ದ ಸಣ್ಣ ಕಂಪನಿ) ಮತ್ತು ಒಡಿಜಿ ಎರಡೂ ಅದೇ ವರ್ಷದ ಆರಂಭದಲ್ಲಿ ಮುಳುಗಿದವು. ಇವುಗಳಲ್ಲಿ ನನಗೆ ಮರುಕ ಹುಟ್ಟುವುದು ಕೆನಡಾದ ನಾರ್ತ್ ಕಂಪನಿಯ ಬಗ್ಗೆ. ಅದರ ‘ಫೋಕಲ್ಸ್’ ನೋಡಲು ಮಾಮೂಲಿ ಕನ್ನಡಕದಂತೆಯೇ ಇತ್ತು. ಗಿರಾಕಿಯ ತಲೆಯ ಅಳತೆ ತೆಗೆದು ಹೊಂದಿಸಿ ಕೊಡುತ್ತಿದ್ದರು. ಮಾತು ಕಡಿಮೆ, ಕೆಲಸ ಹೆಚ್ಚು. 2020ರಲ್ಲಿ ಗೂಗಲ್ ಅದನ್ನು ಕೊಂಡಿತು. ಜುಲೈ 31ಕ್ಕೆ ಆ ಕನ್ನಡಕಗಳ ಕೆಲಸ ನಿಂತಿತು. ಗಿರಾಕಿಗಳಿಗೆ ಹಣ ವಾಪಸಾಯಿತು, ಆದರೆ ದಿನವೂ ತೊಟ್ಟು ರೂಢಿಯಾಗಿದ್ದ ವಸ್ತು ಒಂದು ದಿನಾಂಕಕ್ಕೆ ಸರಿಯಾಗಿ ಬರಿಯ ಗಾಜಾಯಿತು.

ಹಾಗಾದರೆ ಈ ತಂತ್ರಜ್ಞಾನವೇ ಬೇಡವೇ ಎಂದು ಕೇಳುತ್ತೀರಿ. ಬೇಕು, ಖಂಡಿತ ಬೇಕು. ನನ್ನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಾಗ ನಡೆದದ್ದು ಹೇಳುತ್ತೇನೆ. ವಯಸ್ಸಾದ ಕೈ, ನರ ಸಿಗುತ್ತಿರಲಿಲ್ಲ, ಚುಚ್ಚಿ ಚುಚ್ಚಿ ಮೊಣಕೈಯವರೆಗೆ ನೀಲಿಗಟ್ಟಿತ್ತು. ಕೊನೆಗೆ ಸಿಸ್ಟರ್ ಒಬ್ಬರು ಟಾರ್ಚಿನಂಥದ್ದೊಂದನ್ನು ತಂದು ಕೈ ಮೇಲೆ ಹಿಡಿದರು. ಚರ್ಮದ ಮೇಲೆ ನರಗಳ ನಕ್ಷೆಯೇ ಮೂಡಿತು. ಒಂದೇ ಸಲಕ್ಕೆ ಸೂಜಿ ಕೂತಿತು. ‘ಇದನ್ನ ಮೊದಲೇ ತರಬಾರದಿತ್ತೇನಮ್ಮಾ’ ಎಂದು ಅಮ್ಮ ಕೇಳಿದರು. ರಕ್ತದ ಹಿಮೋಗ್ಲೋಬಿನ್ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ, ಸುತ್ತಲಿನ ಮಾಂಸ ಅಷ್ಟಾಗಿ ಹೀರುವುದಿಲ್ಲ. ಆ ವ್ಯತ್ಯಾಸವನ್ನು ಗುರುತಿಸಿ ಅದೇ ಜಾಗದಲ್ಲಿ ಬೆಳಕಿನಲ್ಲಿ ಬರೆದು ತೋರಿಸುವುದೇ ಆ ಸಾಧನದ ಗುಟ್ಟು. ಆಗ್ಮೆಂಟೆಡ್ ರಿಯಾಲಿಟಿ ಎಂದರೆ ಇದೇ ತಾನೆ? ಇರುವ ಲೋಕದ ಮೇಲೆ, ಸರಿಯಾದ ಜಾಗದಲ್ಲಿ, ಬೇಕಾದ ತಿಳಿವನ್ನು ಮೂಡಿಸುವುದು. ಇಂಥ ಉಪಕರಣದ ಬಗ್ಗೆ ಮುಖಪುಟದ ಲೇಖನವನ್ನು ನೀವು ಎಲ್ಲಾದರೂ ಓದಿದ್ದೀರಾ?

ಇನ್ನೂ ಹತ್ತಿರದ್ದು ಬೇಕೇ? ನಿಮ್ಮ ಊರಿನ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನದಲ್ಲಿ ಪೈಲಟ್ ಕಣ್ಣಿನ ಮಟ್ಟದಲ್ಲಿ ಗಾಜೊಂದಿರುತ್ತದೆ. ವೇಗ, ಎತ್ತರ, ಗುರಿ ಎಲ್ಲವೂ ಆಚೆಯ ಆಕಾಶದ ಮೇಲೆಯೇ ಬರೆದಂತೆ ಅದರಲ್ಲಿ ಕಾಣುತ್ತವೆ. ಆ ಹೆಡ್-ಅಪ್ ಡಿಸ್‌ಪ್ಲೇಯನ್ನು ರೂಪಿಸಿದ್ದು ಚಂಡೀಗಢದ ಸಿಎಸ್‌ಐಒ, ಸರ್ಕಾರಿ ಪ್ರಯೋಗಾಲಯ. ಅಲ್ಲಿನ ವಿಜ್ಞಾನಿಗಳು ತಪ್ಪು ತೋರಿಸಿದರೆ ಆಕಾಶದಲ್ಲಿ ಒಂದು ಜೀವ ಹೋಗುತ್ತದೆ. ಅವರಿಗೆ ತಿಮಿಂಗಿಲದ ವಿಡಿಯೊ ಮಾಡಿ ಬಿಡುವ ಅನುಕೂಲವಿಲ್ಲ. ಆ ಪ್ರಯೋಗಾಲಯದ ಒಬ್ಬರ ಹೆಸರೂ ನಮ್ಮ ಓದುಗರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಗೊತ್ತಿಲ್ಲ. ಇದು ನನಗೆ ಹೊಟ್ಟೆಯುರಿಸುವ ಸಂಗತಿ.

ನನ್ನ ತಕರಾರು ನಮ್ಮ ವೃತ್ತಿಯ ಮೇಲೆಯೂ ಇದೆ. ಬೆಳಿಗ್ಗೆ ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟ ತೆರೆಯಿರಿ. ಇಂಥ ಕಂಪನಿಗೆ ಇಷ್ಟು ಕೋಟಿ ಫಂಡಿಂಗ್, ಇಂಥ ಕಂಪನಿ ಯೂನಿಕಾರ್ನ್ (100 ಕೋಟಿ ಡಾಲರ್ ಬೆಲೆಯ ಕಂಪನಿ) ಆಯಿತು, ಸ್ಥಾಪಕರು ಕೈಕಟ್ಟಿ ನಿಂತ ಫೋಟೊ. ಆ ಕಂಪನಿ ಏನು ಮಾಡುತ್ತದೆ, ಮಾಡಿದ್ದು ಕೆಲಸ ಮಾಡುತ್ತದೆಯೇ, ವರದಿಗಾರ ಅದನ್ನು ಮುಟ್ಟಿ ನೋಡಿದನೇ, ಒಂದಕ್ಷರವಿಲ್ಲ. ಸಾಲ ತಂದವನನ್ನು ಸಂಪಾದಿಸಿದವನೆಂದು ಊರಿಗೆಲ್ಲ ಸಾರಿದ ಹಾಗಾಯಿತು. ಮಕ್ಕಳಿಗೆ ಆನ್ಲೈನ್ ಪಾಠ ಮಾರುತ್ತಿದ್ದ ಬೆಂಗಳೂರಿನ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯ ಕಂಪನಿ ಎನ್ನಿಸಿಕೊಂಡಿತ್ತು. 2024ರ ಜುಲೈನಲ್ಲಿ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುಮಾಡಲು ಒಪ್ಪಿತು. ಆ ಎರಡು ವರ್ಷಗಳ ನಡುವೆ ಮಕ್ಕಳ ಫೀಸಿಗೆಂದು ಸಾಲ ಮಾಡಿದ ತಂದೆತಾಯಂದಿರು, ಕೆಲಸ ಕಳೆದುಕೊಂಡ ಮೇಷ್ಟರು, ಮೇಡಮ್ಮುಗಳು ಎಷ್ಟು ಮಂದಿ! ಅವರ ಫೋಟೊ ವಾಣಿಜ್ಯ ಪುಟದಲ್ಲಿ ಎಷ್ಟು ಸಲ ಬಂತು?

ನಮ್ಮಲ್ಲಿಗೆ ಆಗಾಗ ಬರೆಯುವ ಹಾಸನದ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಳು. ಫೋನ್ ಹಿಡಿದರೆ ಸೀರೆ ಉಟ್ಟಂತೆ ಕಾಣಿಸುವ ಆ್ಯಪ್ ಮಾಡುತ್ತಿದ್ದರು. ಸೆರಗು ಭುಜದ ಮೇಲೆ ನಿಲ್ಲುತ್ತಿರಲಿಲ್ಲವಂತೆ, ಅಲುಗಾಡಿದರೆ ಸಾಕು, ಗಾಳಿಯಲ್ಲಿ ಉಳಿದುಬಿಡುತ್ತಿತ್ತು. ಅದನ್ನು ಸರಿಮಾಡಲು ಸಮಯ ಕೇಳಿದರೆ, ಹೂಡಿಕೆದಾರರಿಗೆ ತೋರಿಸುವ ವಿಡಿಯೊದಲ್ಲಿ ಎಡಿಟಿಂಗ್ ಮಾಡಿ ಸರಿಮಾಡಿ ಎಂದರು. ದುಡ್ಡು ಬಂತು, ಖರ್ಚಾಯಿತು, ಕಂಪನಿ ಮುಚ್ಚಿತು. ಕೊನೆಯ ತಿಂಗಳುಗಳ ಸಂಬಳ ಅವಳಿಗೆ ಬರಲಿಲ್ಲ. ‘ಸರ್, ಸೆರಗು ಸರಿಮಾಡೋಕೆ ನನಗೆ ಬರ್ತಿತ್ತು’ ಎಂದಳು ನನ್ನ ಹತ್ತಿರ. ಸ್ಥಾಪಕರು ಮತ್ತೊಂದು ಕಂಪನಿ ಶುರುಮಾಡಿದ್ದಾರೆ, ತಮ್ಮ ಸೋಲಿನ ಬಗ್ಗೆ ಕಾಲೇಜುಗಳಲ್ಲಿ ಭಾಷಣವನ್ನೂ ಮಾಡುತ್ತಾರೆ. ಸೋಲದೆ ಹೊಸತು ಹುಟ್ಟದು, ಅಂದರೆ ಸೋಲೇ ಮೆಟ್ಟಿಲು ಎಂಬರ್ಥದಲ್ಲಿ ನೀವು ಬರೆಯುವಾಗ ನನಗೆ ಈ ಹುಡುಗಿ ನೆನಪಾದಳು. ಆ ಮೆಟ್ಟಿಲು ಹತ್ತಿದವರು ಒಬ್ಬರು, ಮೆಟ್ಟಿಲಾದವರು ಇನ್ನೊಬ್ಬರು.

ನಮ್ಮ ರಾಜ್ಯ ಸರ್ಕಾರವೂ ಅನಿಮೇಷನ್, ಗೇಮಿಂಗ್, ಎಕ್ಸ್‌ಆರ್ (ಆಗ್ಮೆಂಟೆಡ್ ರಿಯಾಲಿಟಿಯಂಥವನ್ನೆಲ್ಲ ಒಟ್ಟಿಗೆ ಕರೆಯುವ ಹೆಸರು) ಕ್ಷೇತ್ರಕ್ಕೆಂದು ನೀತಿ ತಂದಿದೆ, ಸಂತೋಷ. ಆ ನೀತಿಯ ದುಡ್ಡು ಕೇಳಿಕೊಂಡು ಬರುವವರಿಗೆ ನಾನು ಅಧಿಕಾರಿಯಾಗಿದ್ದರೆ ವಿಡಿಯೊ ತರಬೇಡಿ, ವಸ್ತು ತನ್ನಿ ಎನ್ನುತ್ತಿದ್ದೆ. ಮಟಮಟ ಮಧ್ಯಾಹ್ನ ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಅದನ್ನು ತೊಟ್ಟು ನೋಡುತ್ತೇನೆ, ಕಂಡದ್ದನ್ನು ಬರೆದಿಡುತ್ತೇನೆ ಎನ್ನುತ್ತಿದ್ದೆ. ಅಷ್ಟರಿಂದ ಯಾವ ನಿಜವಾದ ಎಂಜಿನಿಯರಿಗೂ ತಣ್ಣೀರು ಎರಚಿದಂತಾಗದು. ಅಂಥವರಿಗೆ ದಾರಿ ತೆರವಾಗುತ್ತದೆ, ಏಕೆಂದರೆ ಅವರ ಪಾಲಿನ ದುಡ್ಡನ್ನು ಈಗ ವಿಡಿಯೊ ಮಾಡುವವರು ಒಯ್ಯುತ್ತಿದ್ದಾರೆ.

ನಿಮ್ಮ ಪತ್ರದಲ್ಲಿ ಒಂದೇ ಕೊರತೆ. ಸ್ವಂತ ಸ್ಟಾರ್ಟಪ್ ಕಟ್ಟುತ್ತೇನೆಂದು ಬರೆದಿದ್ದೀರಿ, ಏನು ಕಟ್ಟುತ್ತೀರೆಂದು ಬರೆದಿಲ್ಲ. ಮುಂದಿನ ಪತ್ರದಲ್ಲಿ ಅದನ್ನು ತಿಳಿಸಿ. ಅದು ಯಾರ ಕೈಗೆ ಹೋಗುತ್ತದೆ, ಅವರು ಈಗ ಆ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ, ನಿಮ್ಮದು ಎಲ್ಲಿ ಕೈಕೊಡುತ್ತಿದೆ, ಇಷ್ಟನ್ನೂ ಬರೆಯಿರಿ. ಅರ್ಧ ಕೆಲಸ ಮಾಡುವ ಮಾದರಿ ಇದ್ದರೂ ಪರವಾಗಿಲ್ಲ, ಕಚೇರಿಗೆ ತನ್ನಿ. ಹಾಸನದ ಆ ಹುಡುಗಿ ಈಗ ಕೆಲಸ ಹುಡುಕುತ್ತಿದ್ದಾಳೆ, ಅವಳನ್ನೂ ಅಂದು ಬರಹೇಳುತ್ತೇನೆ.

— ಸಂಪಾದಕ