ಬಂಪರ್, ಬಾನೆಟ್, ಗೇರ್‌ಬಾಕ್ಸ್ ದೂರದಿಂದ ತರಿಸಬೇಕು, ಕೊರಿಯರ್ ತುಂಬಾ ದುಬಾರಿ. ಬೇರೆ ದಾರಿ ಇದೆಯಾ?

ಹಳೆ ಕಾರಿಗೆ ಬೇಕಾದ ಈ ಮೂರೂ ನಿಮಗೆ ದೂರದ ಊರಿನಲ್ಲಿ ಒಬ್ಬರ ಹತ್ತಿರವೇ ಸಿಕ್ಕಿವೆ, ಆದರೆ ಕೊರಿಯರ್‌ನವರು ಹೇಳಿದ ರೇಟು ಪಾರ್ಟ್‌ಗಳ ಬೆಲೆಗಿಂತ ಜಾಸ್ತಿ ಇದೆ ಎಂದು ಬರೆದಿದ್ದೀರಿ. ದಾರಿ ಖಂಡಿತ ಇದೆ. ನಾನು ಹಳೆ ಕಾರುಗಳನ್ನು ಸರಿಮಾಡಿಕೊಂಡು ಓಡಿಸುವವನು, ದೂರದಿಂದ ಪಾರ್ಟ್ ತರಿಸುವುದು ನನಗೆ ಮಾಮೂಲಿ. ಕೊರಿಯರ್ ಬಿಡಿ, ಲಾರಿ ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿ ಎನ್ನುವುದೇ ನನ್ನ ಉತ್ತರ. ಯಾಕೆ ಅಂತ ಹೇಳುತ್ತೇನೆ.

ಕೊರಿಯರ್ ರೇಟು ಏರುವುದು ಬಂಪರಿನ ತೂಕದಿಂದ ಅಲ್ಲ, ಅದು ಹಿಡಿಯುವ ಜಾಗದಿಂದ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸುತ್ತಾರೆ. ಬಂದದ್ದನ್ನು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅದು 'ವಾಲ್ಯೂಮೆಟ್ರಿಕ್' ತೂಕ. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಕೊಡಬೇಕು. 180 ಸೆಂ.ಮೀ. ಉದ್ದ, 60 ಅಗಲ, 40 ಎತ್ತರದ ಪೆಟ್ಟಿಗೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ 86 ಕಿಲೋ ದಾಟುತ್ತದೆ. ಒಳಗಿರುವ ಪ್ಲಾಸ್ಟಿಕ್ ಬಂಪರ್ ಕೆಲವೇ ಕಿಲೋ ಇರುತ್ತದೆ, ಅಷ್ಟೆ. ಇದರ ಮೇಲೆ ಉದ್ದ ಜಾಸ್ತಿ ಆಯಿತು ಅಂತ ಬೇರೆ ಚಾರ್ಜು. ಗೇರ್‌ಬಾಕ್ಸಿನದು ಇದಕ್ಕೆ ತಿರುಗಾಮುರುಗಾ: ಜಾಗ ಕಡಿಮೆ, ಭಾರ ಜಾಸ್ತಿ. ಒಂದು ಪೆಟ್ಟಿಗೆ ಸುಮಾರು 70 ಕಿಲೋ ದಾಟಿದರೆ ಮಾಮೂಲಿ ಪಾರ್ಸೆಲ್ ಆಗಿ ಎಷ್ಟೋ ಕೊರಿಯರ್‌ನವರು ತೆಗೆದುಕೊಳ್ಳುವುದೇ ಇಲ್ಲ.

ಹಾಗಾಗಿ ಯಾರ ಕೈಯಲ್ಲಿ ಕಳಿಸಿದರೂ ಮೊದಲು ಅಳತೆ ಇಳಿಸಬೇಕು. ಅದೇ ಪೆಟ್ಟಿಗೆಯನ್ನು 180, 50, 30ಕ್ಕೆ ತಂದರೆ ಲೆಕ್ಕದ ತೂಕ 54 ಕಿಲೋ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿತಾಯ, ಅದೂ ಬರೀ ಪ್ಯಾಕಿಂಗಿನಲ್ಲಿ! ಬಂಪರಿನಿಂದ ಗ್ರಿಲ್, ಫಾಗ್ ಲ್ಯಾಂಪ್, ನಂಬರ್ ಪ್ಲೇಟಿನ ಚೌಕಟ್ಟು ಎಲ್ಲ ಬಿಚ್ಚಿಸಿ. ಒಳಗಿನ ಕಬ್ಬಿಣದ ಅಡ್ಡಪಟ್ಟಿ ನಿಮ್ಮ ಕಾರಿನಲ್ಲಿ ಚೆನ್ನಾಗಿದ್ದರೆ ಅದನ್ನು ತರಿಸುವುದೇ ಬೇಡ. ಅಂಗಡಿಯಲ್ಲಿ ಸಿಗುವ ದೊಡ್ಡ ಪೆಟ್ಟಿಗೆಗೆ ಬಂಪರ್ ಇಳಿಸುವ ಬದಲು ಬಂಪರಿನ ಸುತ್ತ ರಟ್ಟು ಕತ್ತರಿಸಿ ಪೆಟ್ಟಿಗೆ ಕಟ್ಟಿ. ಕೆಲವು ಮಾರಾಟಗಾರರು ಪೇಂಟ್ ಆಗದ ಹೊಸ ಬಂಪರನ್ನು ಮಡಿಸಿ ಕಳಿಸುತ್ತಾರೆ. ನಿಮ್ಮದು ಪೇಂಟ್ ಆದ ಬಂಪರ್ ಆದರೆ ಅದಕ್ಕೆ ಒಪ್ಪಲೇಬೇಡಿ, ಪೇಂಟ್ ಬಿರಿಯುತ್ತದೆ.

ಬಾನೆಟ್ ವಿಷಯದಲ್ಲಿ ನನಗೆ ತುಂಬಾ ಕಾಳಜಿ. ಒಳ್ಳೆ ಹಳೆ ಬಾನೆಟ್ ಸಿಗುವುದೇ ಕಷ್ಟ, ಅದು ದಾರಿಯಲ್ಲಿ ಹಾಳಾದರೆ ಹೊಟ್ಟೆ ಉರಿಯುತ್ತದೆ. ಅದನ್ನು ಯಾವತ್ತೂ ಮಲಗಿಸಿ ಕಳಿಸಬಾರದು. ಚಪ್ಪಟೆಯಾಗಿ ಬಿದ್ದಿರುವುದರ ಮೇಲೆ ಯಾರಾದರೂ ಇನ್ನೊಂದು ಸಾಮಾನು ಇಟ್ಟೇ ಇಡುತ್ತಾರೆ. ನಿಲ್ಲಿಸಿ, ಲಾರಿಯ ಗೋಡೆಗೆ ಒರಗಿಸಿ ಕಟ್ಟಬೇಕು. ಮೊದಲು ಪೆಟ್ಟು ತಿನ್ನುವುದು ಮೂಲೆಗಳು. ನಾಲ್ಕು ಮೂಲೆಗೂ ದಪ್ಪ ಫೋಮ್, ಅದರ ಮೇಲೆ ಎರಡು ಪದರ ರಟ್ಟು ಹಾಕಿಸಿ. ಬಬಲ್ ಹಾಳೆ ಒಂದನ್ನೇ ಸುತ್ತಿದರೆ ಏನೂ ಪ್ರಯೋಜನ ಇಲ್ಲ.

ಇನ್ನು ಲಾರಿ. ಇಡೀ ಲಾರಿ ಹಿಡಿಯಬೇಕಿಲ್ಲ. ಹಲವರ ಸಾಮಾನು ಸೇರಿಸಿ ಒಯ್ಯುವ ಟ್ರಾನ್ಸ್‌ಪೋರ್ಟ್‌ಗಳಲ್ಲಿ ನಿಮ್ಮ ಸಾಮಾನು ಹಿಡಿಯುವ ಜಾಗಕ್ಕೆ, ತೂಕಕ್ಕೆ ಮಾತ್ರ ಬಾಡಿಗೆ. ಮೂರೂ ಒಬ್ಬರ ಹತ್ತಿರ ಇರುವುದು ನಿಮಗೆ ದೊಡ್ಡ ಅನುಕೂಲ, ಒಂದೇ ಬುಕಿಂಗಿನಲ್ಲಿ ಮುಗಿಯುತ್ತದೆ. ಇಲ್ಲಿ ದುಡ್ಡು ಜಾಸ್ತಿ ಹೋಗುವುದು ಮೊದಲ ಮತ್ತು ಕೊನೆಯ ಕೆಲವು ಕಿಲೋಮೀಟರಿಗೆ. ಮಾರುವವರು ಅವರ ಊರಿನ ಗೋಡೌನಿಗೆ ತಲುಪಿಸಿ, ನೀವು ನಿಮ್ಮ ಊರಿನ ಗೋಡೌನಿಗೆ ಹೋಗಿ ಎತ್ತಿಕೊಂಡು ಬಂದರೆ ಬಾಡಿಗೆ ಚೆನ್ನಾಗಿ ಇಳಿಯುತ್ತದೆ. ಅಲ್ಲಿ ಗೇರ್‌ಬಾಕ್ಸ್ ಎತ್ತಿಕೊಡಲು ಫೋರ್ಕ್‌ಲಿಫ್ಟ್ ಕೂಡ ಇರಬಹುದು. ಹೋಗಲು ಆಗದಿದ್ದರೆ ಮನೆ ವಿಳಾಸದ ಬದಲು ಪರಿಚಯದ ಗ್ಯಾರೇಜಿನ ವಿಳಾಸ ಕೊಡಿ. ಮನೆಗೆ ತಲುಪಿಸಲು, ಇಳಿಸಿಕೊಡಲು ಹಲವರು ಬೇರೆ ಬೇರೆ ಚಾರ್ಜು ಹಾಕುತ್ತಾರೆ.

ಗೇರ್‌ಬಾಕ್ಸಿನ ಎಣ್ಣೆ ಪೂರ್ತಿ ಸುರಿಸಿ, ತೂತುಗಳನ್ನೆಲ್ಲ ಮುಚ್ಚಿ, ಮರದ ಪ್ಯಾಲೆಟ್ಟಿಗೆ (ಸಾಮಾನು ಇಟ್ಟು ಎತ್ತುವ ಹಲಗೆ ಚೌಕಟ್ಟು) ಪಟ್ಟಿ ಹಾಕಿ ಬಿಗಿಸಬೇಕು. ಎಣ್ಣೆ ಸೋರಿ ಪಕ್ಕದವರ ಸಾಮಾನು ಹಾಳಾದರೆ ಆ ನಷ್ಟ ನಿಮ್ಮ ತಲೆಗೆ ಬರಬಹುದು. ಮುಂದೆ ಏರ್‌ಬ್ಯಾಗ್ ಅಥವಾ ಬ್ಯಾಟರಿ ತರಿಸುವುದಿದ್ದರೆ ಹೇಳದೆ ಪೆಟ್ಟಿಗೆಯೊಳಗೆ ಸೇರಿಸಬೇಡಿ. ಅವು ಅಪಾಯಕಾರಿ ಸರಕಿನ ಲೆಕ್ಕಕ್ಕೆ ಬರುತ್ತವೆ, ಅವಕ್ಕೆ ನಿಯಮವೇ ಬೇರೆ.

ಆತುರ ಇಲ್ಲ ಅಂದರೆ ಇನ್ನೂ ಅಗ್ಗದ ದಾರಿ ಇದೆ. ಸಾಮಾನು ಇಳಿಸಿ ಖಾಲಿ ವಾಪಸ್ ಬರುವ ಗಾಡಿಗಳು. ಡ್ರೈವರಿಗೆ ಹೇಗೂ ಬರಲೇಬೇಕು, ಸಿಕ್ಕಷ್ಟು ಲಾಭ. ದಿನ ಯಾವುದಾದರೂ ಪರವಾಗಿಲ್ಲ ಎಂದು ಮೊದಲೇ ಹೇಳಿದರೆ ರೇಟು ಮಾತಾಡುವುದು ಸುಲಭ. ನಿಮ್ಮ ಮಾಡೆಲ್ ಕಾರಿನವರ ಗುಂಪಿದ್ದರೆ ಅಲ್ಲೂ ಕೇಳಿ. ಆ ಕಡೆಯಿಂದ ಬರುವವರು ಯಾರಾದರೂ ಇರುತ್ತಾರೆ, ನನಗೆ ಹಾಗೆ ಎಷ್ಟೋ ಸಲ ಸಹಾಯ ಸಿಕ್ಕಿದೆ. ಬರೀ ಬಂಪರ್ ಆದರೆ ಲಗೇಜ್ ಒಯ್ಯುವ ದೂರದ ಬಸ್ಸಿನಲ್ಲೂ ಬರಬಹುದು.

ಬೇರೆ ದೇಶದಿಂದಾದರೆ ಹಡಗು. ಅಲ್ಲಿ ಜಾಗ ಎಷ್ಟು ಘನ ಮೀಟರ್, ತೂಕ ಎಷ್ಟು ಟನ್ ಅಂತ ನೋಡಿ, ಯಾವ ಅಂಕಿ ಜಾಸ್ತಿಯೋ ಅದರ ಮೇಲೆ ರೇಟು. ಬಂದರಿನ ಚಾರ್ಜುಗಳನ್ನೂ ಸೇರಿಸಿ ಒಟ್ಟು ಎಷ್ಟು ಅಂತ ಕೇಳಿ. ಹಸಿ ಮರದ ಪ್ಯಾಲೆಟ್ ನಡೆಯುವುದಿಲ್ಲ, ಹುಳು ಸಾಯುವಂತೆ ಸಂಸ್ಕರಿಸಿದ ಮರಕ್ಕೆ ಹಾಕುವ ಐಎಸ್‌ಪಿಎಂ 15 ಮುದ್ರೆ ಇರುವುದೇ ಬೇಕು.

ಪ್ಯಾಕ್ ಮಾಡುವ ಮೊದಲು ಮತ್ತು ಮಾಡಿದ ಮೇಲೆ ಫೋಟೋ ತೆಗೆದು ಕಳಿಸಲು ಮಾರುವವರಿಗೆ ಹೇಳಿ. ಸಾಮಾನು ಬಂದಾಗ ಸಹಿ ಹಾಕುವ ಮುಂಚೆ ಬಿಚ್ಚಿ ನೋಡಿ. ಡೆಂಟ್ ಕಂಡರೆ ಅದನ್ನು ರಸೀದಿಯ ಮೇಲೇ ಬರೆದು, ಆಮೇಲೆ ಸಹಿ ಹಾಕಿ. ಏನೂ ಬರೆಯದೆ ಸಹಿ ಹಾಕಿದರೆ ಆಮೇಲೆ ಪರಿಹಾರ ಕೇಳುವುದು ತುಂಬಾ ಕಷ್ಟ.