ದತ್ತಿ ಸ್ಕಾಲರ್‌ಶಿಪ್ ನಂಬಿ ಸಾಲ ಇಳಿಸಬೇಡಿ

ಅಮೆರಿಕದ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಎಂ.ಎಸ್.ಗೆ ಸೀಟು ಸಿಕ್ಕಿದೆ, ಆ ವಿಭಾಗದಲ್ಲಿ ಹಳೆಯ ವಿದ್ಯಾರ್ಥಿಗಳು ಇಟ್ಟಿರುವ ಹತ್ತಾರು ಸ್ಕಾಲರ್‌ಶಿಪ್‌ಗಳಿವೆ, ಹಾಗಾಗಿ ತಂದೆಯವರು ಮನೆ ಅಡವಿಟ್ಟು ತೆಗೆಯಲಿರುವ ಬ್ಯಾಂಕ್ ಸಾಲವನ್ನು ಅರ್ಧಕ್ಕೆ ಇಳಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಇಳಿಸಬೇಡಿ. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ಓದಿಗೆ ಇಲ್ಲಿಗೆ ಬಂದು, ಅಂಥದೊಂದು ದತ್ತಿಯ ಹಣ ಪಡೆದವನು ನಾನು. ಆ ಹಣ ನಿಮಗೂ ಬರಬಹುದು. ಆದರೆ ಅದು ಬರುವುದು ಸಾಮಾನ್ಯವಾಗಿ ನೀವು ಇಲ್ಲಿ ಒಂದು ವರ್ಷ ಓದಿದ ಮೇಲೆ, ಬಂದರೂ ಸಾಲದ ಭಾರವನ್ನು ಹೊರುವಷ್ಟು ಬರುವುದಿಲ್ಲ.

ಇದರ ಲೆಕ್ಕ ನಮ್ಮ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳ ಲೆಕ್ಕದಂತೆಯೇ ಇದೆ. ದಾನಿ ಕೊಟ್ಟ ಮೂಲಧನವನ್ನು ಖರ್ಚು ಮಾಡುವಂತಿಲ್ಲ. ವಿಶ್ವವಿದ್ಯಾಲಯ ಅದನ್ನು ಷೇರು, ಬಾಂಡ್‌ಗಳಲ್ಲಿ ತೊಡಗಿಸಿ, ಕೆಲವು ವರ್ಷಗಳ ಸರಾಸರಿ ಮೌಲ್ಯದ ಸುಮಾರು ಶೇ. 4ರಿಂದ 5ರಷ್ಟನ್ನು ಮಾತ್ರ ವರ್ಷವರ್ಷ ಹಂಚುತ್ತದೆ. ಯಾರೋ 25,000 ಡಾಲರ್ ದತ್ತಿ ಇಟ್ಟರೆ ವಿದ್ಯಾರ್ಥಿಯ ಕೈಗೆ ಬರುವುದು 1,000ದಿಂದ 1,250 ಡಾಲರ್. ಮಾರುಕಟ್ಟೆ ಕುಸಿದರೆ ಅದಕ್ಕೂ ಕತ್ತರಿ ಬೀಳುತ್ತದೆ. 2008-09ರಲ್ಲಿ ಹಾರ್ವರ್ಡ್‌ನ ನಿಧಿಯೇ ಹೂಡಿಕೆಯಲ್ಲಿ ಶೇ. 27ರಷ್ಟು ನಷ್ಟ ಕಂಡಿತ್ತು, ಆಗಷ್ಟೇ ಇಟ್ಟಿದ್ದ ಸಣ್ಣ ದತ್ತಿಗಳ ಮೌಲ್ಯ ಅನೇಕ ಕಡೆ ಮೂಲಧನಕ್ಕಿಂತ ಕೆಳಗಿಳಿದು ಹಂಚಿಕೆಯೇ ನಿಂತುಹೋಗಿತ್ತು.

ಪತ್ರಿಕೆಗಳಲ್ಲಿ ಓದಿದ ದೊಡ್ಡ ದಾನಗಳನ್ನೂ ನೀವು ಪ್ರಸ್ತಾಪಿಸಿದ್ದೀರಿ. ರತನ್ ಟಾಟಾ ಅವರು ವಾಸ್ತುಶಿಲ್ಪ ಓದಿದ ಕಾರ್ನೆಲ್‌ಗೆ 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ ಹಣದಲ್ಲಿ 2.5 ಕೋಟಿ ಡಾಲರ್ ಭಾರತೀಯ ವಿದ್ಯಾರ್ಥಿಗಳಿಗೆ ಮೀಸಲಾಯಿತು. 2018ರಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ತಾವು ಓದಿದ ಜಾನ್ಸ್ ಹಾಪ್ಕಿನ್ಸ್‌ಗೆ 180 ಕೋಟಿ ಡಾಲರ್ ಕೊಟ್ಟರು. ಎರಡೂ ಪದವಿ ತರಗತಿಯವರಿಗೆ, ಎಂ.ಎಸ್.ನವರಿಗಲ್ಲ. ಸ್ನಾತಕೋತ್ತರ ಓದಿಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದಾದ ನೈಟ್-ಹೆನೆಸಿ ಸ್ಕಾಲರ್‌ಶಿಪ್ ಇದೆ, ನೈಕಿಯ ಫಿಲ್ ನೈಟ್ 2016ರಲ್ಲಿ 40 ಕೋಟಿ ಡಾಲರ್ ಕೊಟ್ಟು ಸ್ಥಾಪಿಸಿದ್ದು. ಆದರೆ ಅದು ಸ್ಟ್ಯಾನ್‌ಫರ್ಡ್‌ಗೆ ಮಾತ್ರ.

ನಿಮಗೆ ದಕ್ಕಬಹುದಾದದ್ದು ವಿಭಾಗದ ಸಣ್ಣ ದತ್ತಿಗಳು, ಮತ್ತು ಅಲ್ಲಿ ಅಂಕಗಳಿಗಿಂತ ಮುಖ್ಯವಾದದ್ದು ದತ್ತಿಪತ್ರದ ಶರತ್ತು. ದಾನಿ ಏನು ಬರೆಸಿದ್ದಾನೋ ಅದನ್ನು ಮೀರಿ ವಿಶ್ವವಿದ್ಯಾಲಯ ತನ್ನಿಷ್ಟದಂತೆ ಹಣ ಕೊಡುವಂತಿಲ್ಲ. ಇಂಥ ಜಿಲ್ಲೆಯವರು, ಅಮೆರಿಕದ ಪ್ರಜೆಗಳು, ಸೇತುವೆ ವಿನ್ಯಾಸ ಓದುವವರು ಎಂದೆಲ್ಲ ಇರುತ್ತದೆ. ನಮ್ಮವರು ಪಟ್ಟಿಯ ಮೊದಲ ನಾಲ್ಕು ಸಾಲುಗಳಲ್ಲಿ ಪೌರತ್ವದ ಮಾತು ಕಂಡೊಡನೆ ಪುಟ ಮುಚ್ಚಿಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನನಗೆ ಸಿಕ್ಕ ದತ್ತಿ ಪಟ್ಟಿಯ ಕೊನೆಯಲ್ಲಿತ್ತು. ಕೃಷಿಕ ಮನೆತನದಲ್ಲಿ ಬೆಳೆದ ಸಿವಿಲ್ ವಿದ್ಯಾರ್ಥಿಗೆ ಎಂದಿತ್ತೇ ಹೊರತು ಯಾವ ದೇಶದ ಕೃಷಿ ಎಂದು ಬರೆದಿರಲಿಲ್ಲ. ಪುತ್ತೂರಿನ ಬಳಿಯ ನಮ್ಮ ಅಡಿಕೆ ತೋಟದ ಬಗ್ಗೆ ಒಂದೂವರೆ ಪುಟ ಬರೆದೆ. ಅರ್ಜಿ ಹಾಕಿದ್ದವರು ಇಬ್ಬರೇ ಎಂದು ಆಮೇಲೆ ತಿಳಿಯಿತು.

ಹಣ ಬಂದ ಮೇಲೆ ದಾನಿಗೆ ಕೃತಜ್ಞತಾ ಪತ್ರ ಬರೆಯಬೇಕು. ಅನೇಕರು ಹಳೆಯ ಮಾದರಿಯೊಂದನ್ನು ನಕಲು ಮಾಡಿ ಕೊಡುತ್ತಾರೆ. ನೀವು ಹಾಗೆ ಮಾಡಬೇಡಿ. ನನಗೆ ದತ್ತಿ ಸಿಕ್ಕ ವರ್ಷ ಏಪ್ರಿಲ್‌ನಲ್ಲಿ ದಾನಿಗಳಿಗೂ ವಿದ್ಯಾರ್ಥಿಗಳಿಗೂ ಮಧ್ಯಾಹ್ನದ ಊಟವಿತ್ತು. ತಟ್ಟೆಯ ಪಕ್ಕದಲ್ಲಿ ನನ್ನ ಹೆಸರಿನ ಚೀಟಿ, ಎದುರಿಗೆ ತೀರಿಕೊಂಡ ಗಂಡನ ಹೆಸರಿನಲ್ಲಿ ದತ್ತಿ ಇಟ್ಟಿದ್ದ ವೃದ್ಧೆ. ಆಕೆ ಕೈಚೀಲದಿಂದ ನಾಲ್ಕು ಮಡಿಕೆಯ ನನ್ನ ಪತ್ರವನ್ನು ತೆಗೆದು, ಅಂಗಳದಲ್ಲಿ ನಲವತ್ತು ದಿನ ಅಡಿಕೆ ಒಣಗಿಸುತ್ತೇವೆ ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು, ನಡುವೆ ಮಳೆ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅವರ ಗಂಡ ಜೋಳದ ಹೊಲದಿಂದ ಬಂದು ಎಂಜಿನಿಯರ್ ಆದವರಂತೆ. ಮಳೆ ಬಂದರೆ ಮನೆಮಂದಿಯೆಲ್ಲ ಓಡಿ ರಾಶಿ ಮಾಡುತ್ತೇವೆ ಎಂದಾಗ ಅವರ ಕಣ್ಣು ತುಂಬಿತು. ಈಗ ನಾನೂ ಅದೇ ವಿಭಾಗದ ದತ್ತಿಯೊಂದಕ್ಕೆ ಪ್ರತಿವರ್ಷ ಹಣ ಸೇರಿಸುತ್ತಿರುವುದಕ್ಕೆ ಆ ಮಧ್ಯಾಹ್ನವೇ ಕಾರಣ.

ತೆರಿಗೆಯ ವಿಷಯವನ್ನೂ ತಿಳಿದಿರಿ. ಬೋಧನಾ ಶುಲ್ಕಕ್ಕೆ, ಕಡ್ಡಾಯ ಪುಸ್ತಕಗಳಿಗೆ ಹೋಗುವ ಸ್ಕಾಲರ್‌ಶಿಪ್ ಹಣಕ್ಕೆ ತೆರಿಗೆಯಿಲ್ಲ. ಊಟ, ಬಾಡಿಗೆಗೆ ಉಳಿಯುವ ಹಣದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಂದ ಸಾಮಾನ್ಯವಾಗಿ ಶೇ. 14 ಮುರಿದುಕೊಳ್ಳುತ್ತಾರೆ. ಅಸಿಸ್ಟೆಂಟ್‌ಶಿಪ್‌ನಿಂದ, ಅಂದರೆ ವಿಭಾಗದಲ್ಲಿ ಬೋಧನೆಗೋ ಸಂಶೋಧನೆಗೋ ನೆರವಾಗುವ ಅರೆಕಾಲಿಕ ಕೆಲಸದಿಂದ, ನನ್ನ ಶುಲ್ಕ ಮಾಫಿಯಾಗಿದ್ದ ಕಾರಣ 1,500 ಡಾಲರ್ ದತ್ತಿಯಲ್ಲಿ 210 ಕಳೆದು 1,290 ಮಾತ್ರ ಬಂತು. ಯಾರೂ ಮೊದಲೇ ಹೇಳಿರಲಿಲ್ಲ. ಆ ತಿಂಗಳ ಬಾಡಿಗೆಗೆ ಸ್ನೇಹಿತನ ಬಳಿ ಕೈಚಾಚಬೇಕಾಯಿತು.

ಸಾಲವನ್ನು ಪೂರ್ತಿ ಮಂಜೂರು ಮಾಡಿಸಿಕೊಳ್ಳಿ, ಆದರೆ ಸೆಮಿಸ್ಟರಿಗೆ ಬೇಕಾದಷ್ಟನ್ನೇ ಬಿಡಿಸಿಕೊಳ್ಳಿ. ಎರಡನೆಯ ವರ್ಷ ದತ್ತಿಯೋ ಅಸಿಸ್ಟೆಂಟ್‌ಶಿಪ್ಪೋ ಸಿಕ್ಕರೆ ಉಳಿದ ಕಂತನ್ನು ಎತ್ತದೆ ಬಿಡಬಹುದು. ಭಾರತೀಯರ ಉನ್ನತ ವ್ಯಾಸಂಗಕ್ಕೆಂದೇ 1892ರಲ್ಲಿ ಆರಂಭವಾದ ಜೆ. ಎನ್. ಟಾಟಾ ದತ್ತಿಯ ಸಾಲ-ವಿದ್ಯಾರ್ಥಿವೇತನವನ್ನೂ ತಂದೆಯವರ ಜೊತೆ ಕುಳಿತು ವಿಚಾರಿಸಿ. ನಿಮ್ಮ ವಿಭಾಗದ ದತ್ತಿಗಳ ಪಟ್ಟಿಯನ್ನು ಶರತ್ತುಗಳ ಸಮೇತ ನನಗೆ ಕಳುಹಿಸಿಕೊಡಿ. ಕೊನೆಯ ಸಾಲಿನವರೆಗೆ ಒಟ್ಟಿಗೆ ಓದೋಣ.